ಪರ್ವತ ಸಸ್ಯಗಳ ಅಂಗಾಂಶ ಕೃಷಿ: ಹಾರ್ಮೋನು ಮಾಡಬಲ್ಲ ಕೆಲಸ, ಮಾಡಲಾರದ ಕೆಲಸ

ಹಿಮಾಲಯದಲ್ಲಿ ಮರಗಳ ಎಲ್ಲೆ ಮುಗಿದು ಹುಲ್ಲುಗಾವಲು ತೊಡಗುವ ಎತ್ತರದ ಆಸುಪಾಸಿನಲ್ಲಿ ಬೆಳೆಯುವ ಜಟಾಮಾಂಸಿ, ಕಟುಕರೋಹಿಣಿ, ಅತಿವಿಷ, ಕೋಷ್ಠ ಮುಂತಾದ ಗಿಡಗಳ ಔಷಧೀಯ ಸತ್ವವಿರುವುದು ಮುಖ್ಯವಾಗಿ ನೆಲದೊಳಗಿನ ಬೇರಿನಲ್ಲಿ ಅಥವಾ ಬೇರುಕಾಂಡದಲ್ಲಿ. ಎಲೆ ಕಿತ್ತ ಗಿಡ ಮತ್ತೆ ಚಿಗುರುತ್ತದೆ. ಬೇರುಸಹಿತ ಅಗೆದು ತೆಗೆದ ಗಿಡ ಚಿಗುರುವುದಿಲ್ಲ. ವರ್ಷದ ಬಹುಪಾಲು ಹಿಮದಡಿ ಮಲಗಿದ್ದು, ಉಳಿದ ಕೆಲವೇ ತಿಂಗಳುಗಳಲ್ಲಿ ಚಿಗುರಿ, ಹೂಬಿಟ್ಟು, ಬೀಜ ಕಟ್ಟಬೇಕಾದ ಈ ಸಸ್ಯಗಳು ಮಾರಾಟಕ್ಕೆ ಯೋಗ್ಯವಾದ ಗಾತ್ರಕ್ಕೆ ಬರಲು ಹಲವು ವರ್ಷಗಳನ್ನು ತೆಗೆದುಕೊಳ್ಳುತ್ತವೆ. ಅಗೆಯುವ ವೇಗಕ್ಕೂ ಮರಳಿ ಬೆಳೆಯುವ ವೇಗಕ್ಕೂ ಇರುವ ಈ ಅಂತರವೇ ಅವುಗಳ ಅಳಿವಿನ ಮುಖ್ಯ ಕಾರಣ. ಜಟಾಮಾಂಸಿ ಇಂದು ತೀವ್ರ ಅಪಾಯಕ್ಕೀಡಾದ ಪ್ರಭೇದಗಳ ಪಟ್ಟಿಯಲ್ಲಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು ಜಟಾಮಾಂಸಿಯನ್ನೂ ಕಟುಕರೋಹಿಣಿಯನ್ನೂ 1997ರಲ್ಲಿ ತನ್ನ ಎರಡನೆಯ ಅನುಬಂಧಕ್ಕೆ ಸೇರಿಸಿತು. ಕೋಷ್ಠವಂತೂ ಅತ್ಯಂತ ಕಠಿಣ ನಿರ್ಬಂಧಗಳಿರುವ ಮೊದಲನೆಯ ಅನುಬಂಧದಲ್ಲಿದೆ.

ಇಂತಹ ಗಿಡಗಳನ್ನು ಬೀಜದಿಂದಲೇ ಏಕೆ ಬೆಳೆಸಬಾರದು ಎಂಬುದು ಸಹಜವಾದ ಪ್ರಶ್ನೆ. ಬೆಳೆಸಬಹುದಾದಲ್ಲೆಲ್ಲ ಅದೇ ಸರಿಯಾದ ದಾರಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅತಿಯಾಗಿ ಅಗೆದ ಜಾಗಗಳಲ್ಲಿ ಹೂಬಿಡುವ ವಯಸ್ಸಿನ ಗಿಡಗಳೇ ವಿರಳವಾಗಿರುತ್ತವೆ, ಗಿಡಗಳು ದೂರದೂರವಾದಾಗ ಪರಾಗಸ್ಪರ್ಶ ಕುಂದುತ್ತದೆ, ಕಟ್ಟಿದ ಬೀಜಗಳೂ ದೀರ್ಘ ಸುಪ್ತಾವಸ್ಥೆಯಲ್ಲಿದ್ದು ತಿಂಗಳುಗಟ್ಟಲೆ ತಣ್ಣನೆಯ ತೇವವನ್ನು ಅನುಭವಿಸಿದ ಮೇಲಷ್ಟೇ ಮೊಳೆಯುತ್ತವೆ. ಮೊಳೆತ ಸಸಿಗಳಲ್ಲಿ ಬಹಳಷ್ಟು ಮೊದಲ ಚಳಿಗಾಲವನ್ನು ದಾಟುವುದಿಲ್ಲ. ಹೀಗೆ ಬೀಜದ ದಾರಿ ಬಹುಮಟ್ಟಿಗೆ ಮುಚ್ಚಿಹೋದ ಸಂದರ್ಭದಲ್ಲಿ, ಸಿಕ್ಕ ಕೆಲವೇ ಬೀಜಗಳಿಂದ ಅಥವಾ ಗಿಡವನ್ನು ಕೊಲ್ಲದೆ ತೆಗೆದ ಒಂದು ಕುಡಿಯಿಂದ ಸಾವಿರಾರು ಸಸಿಗಳನ್ನು ಪಡೆಯುವ ಉಪಾಯವಾಗಿ ಅಂಗಾಂಶ ಕೃಷಿ, ಅಂದರೆ ಗಿಡದ ಸಣ್ಣ ತುಣುಕನ್ನು ಸೀಸೆಯೊಳಗಿನ ಕೃತಕ ಪೋಷಕ ಮಾಧ್ಯಮದಲ್ಲಿ ಬೆಳೆಸುವ ವಿದ್ಯೆ, ಬರುತ್ತದೆ.

ಅಂಗಾಂಶ ಕೃಷಿಯ ತಳಹದಿ ಸಸ್ಯಕೋಶದ ಒಂದು ಗುಣದಲ್ಲಿದೆ. ಎಲೆಯ ಕೋಶವಾಗಲಿ, ಕಾಂಡದ ಕೋಶವಾಗಲಿ, ಇಡೀ ಗಿಡವನ್ನು ಕಟ್ಟಲು ಬೇಕಾದ ಆನುವಂಶಿಕ ಮಾಹಿತಿಯನ್ನೆಲ್ಲ ತನ್ನೊಳಗೆ ಉಳಿಸಿಕೊಂಡಿರುತ್ತದೆ, ಮತ್ತು ತಕ್ಕ ಸನ್ನಿವೇಶ ಸಿಕ್ಕರೆ ತನ್ನ ಸದ್ಯದ ಕೆಲಸವನ್ನು ಬಿಟ್ಟು ಮತ್ತೆ ವಿಭಜನೆಗೆ ತೊಡಗಬಲ್ಲದು. ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್ಲೀಬ್ ಹಾಬರ್ಲಾಂಟ್ 1902ರಲ್ಲಿಯೇ ಬಿಡಿ ಕೋಶಗಳನ್ನು ಕೃತಕ ಮಾಧ್ಯಮದಲ್ಲಿ ಬೆಳೆಸುವ ವಿಚಾರವನ್ನು ಮುಂದಿಟ್ಟು ಪ್ರಯೋಗವನ್ನೂ ಮಾಡಿದರು. ಕೋಶಗಳು ಕೆಲಕಾಲ ಬದುಕಿದವು, ಆದರೆ ವಿಭಜನೆಯಾಗಲಿಲ್ಲ. ಸಕ್ಕರೆ ಮತ್ತು ಲವಣಗಳಷ್ಟೇ ಸಾಲದು, ಕೋಶಕ್ಕೆ ಏನು ಮಾಡಬೇಕೆಂದು ಸೂಚಿಸುವ ರಾಸಾಯನಿಕವೂ ಬೇಕೆಂಬುದು ಆಗ ತಿಳಿದಿರಲಿಲ್ಲ. ಅಂತಹ ರಾಸಾಯನಿಕಗಳಾದ ಸಸ್ಯ ಹಾರ್ಮೋನುಗಳಲ್ಲಿ ಒಂದೂ ಇನ್ನೂ ಪತ್ತೆಯಾಗಿರಲಿಲ್ಲ.

ಆ ಕೊರತೆ ತುಂಬಿದ್ದು ಎರಡು ಹಂತಗಳಲ್ಲಿ. ಓಟ್ಸ್ ಮೊಳಕೆಯ ತುದಿಯಿಂದ ಕೆಳಕ್ಕೆ ಹರಿದು ಬೆಳವಣಿಗೆಯನ್ನು ನಿರ್ದೇಶಿಸುವ ಪದಾರ್ಥವೊಂದಿದೆ ಎಂಬುದನ್ನು ಫ್ರಿಟ್ಸ್ ವೆಂಟ್ 1920ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು, ಅದೇ ಆಕ್ಸಿನ್. ಅದು ಕೈಗೆ ಬಂದ ಮೇಲೆ, 1939ರ ಹೊತ್ತಿಗೆ ಸಸ್ಯ ಅಂಗಾಂಶವನ್ನು ಅನಿರ್ದಿಷ್ಟ ಕಾಲ ಬೆಳೆಸುತ್ತ ಹೋಗುವುದು ಸಾಧ್ಯವಾಯಿತು. ಎರಡನೆಯ ಹಂತ ಬಂದದ್ದು 1955ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲೋಸ್ ಮಿಲ್ಲರ್, ಫೋಲ್ಕ್ ಸ್ಕೂಗ್ ಮತ್ತು ಸಂಗಡಿಗರು ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯನ್ನು ಒತ್ತಡದ ಹಬೆಯಲ್ಲಿ ಬಿಸಿಮಾಡಿದಾಗ ದೊರೆತ ವಸ್ತುವಿನಿಂದ ಕೋಶ ವಿಭಜನೆಯನ್ನು ಪ್ರಚೋದಿಸುವ ಕೈನೆಟಿನ್ ಅನ್ನು ಬೇರ್ಪಡಿಸಿದರು. ಆ ಗುಂಪಿನ ಹಾರ್ಮೋನುಗಳಿಗೆ ಸೈಟೊಕೈನಿನ್ ಎಂಬ ಹೆಸರು ನಿಂತಿತು.

ಇಡೀ ವಿದ್ಯೆಯ ನಡುಗಂಬವೆನ್ನಬಹುದಾದ ಫಲಿತಾಂಶವನ್ನು ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ಪ್ರಕಟಿಸಿದರು. ತಂಬಾಕಿನ ಕಾಂಡದ ತಿರುಳಿನ ಒಂದೇ ಬಗೆಯ ತುಣುಕುಗಳನ್ನು ಆಕ್ಸಿನ್ ಮತ್ತು ಕೈನೆಟಿನ್‌ಗಳ ಬೇರೆಬೇರೆ ಪ್ರಮಾಣಗಳಲ್ಲಿ ಬೆಳೆಸಿದಾಗ, ಆಕ್ಸಿನ್‌ನ ಪಾಲು ಹೆಚ್ಚಿದ್ದಲ್ಲಿ ಬೇರು ಬಂತು, ಸೈಟೊಕೈನಿನ್‌ನ ಪಾಲು ಹೆಚ್ಚಿದ್ದಲ್ಲಿ ಚಿಗುರು ಬಂತು, ಎರಡೂ ಸಮತೂಕದಲ್ಲಿದ್ದಾಗ ಯಾವ ಅಂಗದ ರೂಪವನ್ನೂ ತಾಳದ ಕೋಶಗಳ ಮುದ್ದೆ, ಅಂದರೆ ಕ್ಯಾಲಸ್, ಬೆಳೆಯಿತು. ಬೇರಿಗೊಂದು ಹಾರ್ಮೋನು, ಚಿಗುರಿಗೊಂದು ಹಾರ್ಮೋನು ಎಂಬ ಸರಳ ಲೆಕ್ಕ ಇದಲ್ಲ. ಎರಡರ ಅನುಪಾತವೇ ಕೋಶದ ಮುಂದಿನ ಹಾದಿಯನ್ನು ನಿರ್ಧರಿಸುತ್ತದೆ. ಅದರಲ್ಲಿಯೂ ಹೊರಗಿನಿಂದ ನಾವು ಹಾಕಿದ್ದು ಅರ್ಧ ಮಾತ್ರ, ಆ ತುಣುಕು ತನ್ನೊಳಗೆ ಈಗಾಗಲೇ ಹೊಂದಿರುವ ಹಾರ್ಮೋನುಗಳೂ ಲೆಕ್ಕಕ್ಕೆ ಬರುತ್ತವೆ. ಒಂದೇ ಮಾಧ್ಯಮದಲ್ಲಿ ಒಂದು ಪ್ರಭೇದ ಚಿಗುರೊಡೆದು ಅದರ ಹತ್ತಿರದ ಸಂಬಂಧಿ ಸುಮ್ಮನೆ ಕುಳಿತಿರುವುದಕ್ಕೂ, ವಸಂತದಲ್ಲಿ ತೆಗೆದ ಕುಡಿ ಸ್ಪಂದಿಸಿ ಶರತ್ಕಾಲದಲ್ಲಿ ತೆಗೆದ ಕುಡಿ ಸ್ಪಂದಿಸದಿರುವುದಕ್ಕೂ ಇದು ಒಂದು ಮುಖ್ಯ ಕಾರಣ.

ಬಳಸುವ ಪ್ರಮಾಣ ಅತ್ಯಲ್ಪ. ಚಿಗುರು ಪಡೆಯಲು ಅತಿ ಹೆಚ್ಚು ಬಳಕೆಯಲ್ಲಿರುವ ಬಿಎಪಿ ಎಂಬ ಸೈಟೊಕೈನಿನ್ ಸಾಮಾನ್ಯವಾಗಿ ಲೀಟರಿಗೆ ಅರ್ಧದಿಂದ ಎರಡು ಮಿಲಿಗ್ರಾಂ ಸಾಕಾಗುತ್ತದೆ. ಬೇರಿಗೆ ಬಳಸುವ ಐಬಿಎ ಅಥವಾ ಎನ್‌ಎಎ ಎಂಬ ಆಕ್ಸಿನ್‌ಗಳದ್ದೂ ಹೆಚ್ಚುಕಡಿಮೆ ಅಷ್ಟೇ ಅಳತೆ. ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ತೂಕದಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು. ಹಾರ್ಮೋನು ಗಿಡಕ್ಕೆ ಆಹಾರವಲ್ಲ, ಸಂಕೇತ ಎಂಬುದು ಈ ಅಳತೆಯಿಂದಲೇ ತಿಳಿಯುತ್ತದೆ. ಆಹಾರ ಮಾಧ್ಯಮದಿಂದ ಬರುತ್ತದೆ: ನೈಟ್ರೇಟ್, ಅಮೋನಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳು, ಕಬ್ಬಿಣ ಮತ್ತಿತರ ಸೂಕ್ಷ್ಮ ಪೋಷಕಗಳು, ಕೆಲವು ವಿಟಮಿನ್‌ಗಳು, ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ, ಗಟ್ಟಿಗೊಳಿಸಲು ಅಗರ್. ತೋಶಿಯೋ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ರೂಪಿಸಿದ, ಎಂಎಸ್ ಎಂದು ಕರೆಯಲ್ಪಡುವ ಸೂತ್ರವೇ ಇಂದಿಗೂ ಬಹುತೇಕ ಪ್ರಯೋಗಾಲಯಗಳ ಮೊದಲ ಆಯ್ಕೆ. ಆದರೆ ಅದು ತಂಬಾಕಿಗಾಗಿ ರೂಪುಗೊಂಡ, ಲವಣ ಹೆಚ್ಚಿರುವ ಮಾಧ್ಯಮ ಎಂಬುದನ್ನು ನೆನಪಿಡಬೇಕು. ಪೋಷಕಾಂಶ ವಿರಳವಾದ ಹುಳಿಮಣ್ಣಿನಲ್ಲಿ ಬೆಳೆಯುವ ರೋಡೋಡೆಂಡ್ರಾನ್‌ನಂತಹ ಪರ್ವತ ಪೊದೆಗಳಿಗೆ ಅದು ಅತಿಯಾಗುತ್ತದೆ. ಅವಕ್ಕೆ ಲವಣ ಕಡಿಮೆಯಿರುವ ಬೇರೆ ಸೂತ್ರಗಳೂ, ಬಿಎಪಿಯ ಬದಲು 2ಐಪಿ ಅಥವಾ ಜಿಯಾಟಿನ್ ಎಂಬ ಸೈಟೊಕೈನಿನ್‌ಗಳೂ ಹೆಚ್ಚು ಒಗ್ಗುತ್ತವೆ.

ಕೆಲಸದ ಮೊದಲ ತೊಡಕು ಹಾರ್ಮೋನಿನದ್ದಲ್ಲ, ಶುಚಿತ್ವದ್ದು. ಸಕ್ಕರೆ ತುಂಬಿದ ಮಾಧ್ಯಮದಲ್ಲಿ ಗಿಡದ ತುಣುಕಿಗಿಂತ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಎಷ್ಟೋ ಪಟ್ಟು ವೇಗವಾಗಿ ಬೆಳೆಯುತ್ತವೆ. ಮಾಧ್ಯಮವನ್ನು ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ ಶುದ್ಧಗೊಳಿಸಬಹುದು; ಜೀವಂತ ಅಂಗಾಂಶವನ್ನು ಹಾಗೆ ಮಾಡುವಂತಿಲ್ಲ. ಅದನ್ನು ಮದ್ಯಸಾರ ಮತ್ತು ಸೋಡಿಯಂ ಹೈಪೋಕ್ಲೋರೈಟ್‌ನಂತಹ ದ್ರಾವಣಗಳಲ್ಲಿ, ಸೂಕ್ಷ್ಮಜೀವಿಗಳು ಸಾಯುವಷ್ಟು ಆದರೆ ಕೋಶಗಳು ಸಾಯದಷ್ಟು ಹೊತ್ತು ಅದ್ದಿ ತೊಳೆಯಬೇಕು. ವರ್ಷಗಟ್ಟಲೆ ಮಣ್ಣಿನಲ್ಲಿದ್ದ ಬೇರುಕಾಂಡದ ಮೊಗ್ಗಿನಲ್ಲಿ ಈ ಎರಡು ಅವಧಿಗಳ ನಡುವಿನ ಅಂತರ ಬಹಳ ಕಿರಿದು, ಕೆಲವು ಬ್ಯಾಕ್ಟೀರಿಯಾಗಳಂತೂ ಅಂಗಾಂಶದ ಒಳಗೇ ನೆಲೆಸಿರುತ್ತವೆ. ಇದರ ಜೊತೆಗೆ, ತೀವ್ರ ಬಿಸಿಲು ಮತ್ತು ಮೇಯುವ ಪ್ರಾಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಪರ್ವತ ಸಸ್ಯಗಳು ಸಂಗ್ರಹಿಸಿಟ್ಟುಕೊಂಡ ಫೀನಾಲಿಕ್ ಪದಾರ್ಥಗಳು ಕತ್ತರಿಸಿದ ಜಾಗದಿಂದ ಸೋರಿ, ಗಾಳಿಯೊಡನೆ ಬೆರೆತು ಕಂದುಗಟ್ಟಿ, ತುಣುಕಿಗೇ ವಿಷವಾಗುತ್ತವೆ. ಆಸ್ಕಾರ್ಬಿಕ್ ಆಮ್ಲ ಅಥವಾ ಸಕ್ರಿಯ ಇದ್ದಿಲನ್ನು ಬಳಸುವುದು, ಮೊದಲ ಕೆಲವು ದಿನ ಕತ್ತಲಲ್ಲಿಡುವುದು, ಬೇಗಬೇಗನೆ ಹೊಸ ಮಾಧ್ಯಮಕ್ಕೆ ಬದಲಿಸುವುದು ಇದಕ್ಕೆ ಪರಿಹಾರ. ಇದ್ದಿಲಿನಲ್ಲಿ ಒಂದು ಎಚ್ಚರಿಕೆ ಅಗತ್ಯ: ಅದು ವಿಷವನ್ನಷ್ಟೇ ಅಲ್ಲ, ನಾವು ಹಾಕಿದ ಹಾರ್ಮೋನನ್ನೂ ಹೀರಿಕೊಳ್ಳುತ್ತದೆ.

ಈ ಕಾರಣಗಳಿಂದಾಗಿ, ಬೀಜ ಸಿಗುವ ಪ್ರಭೇದಗಳಲ್ಲಿ ಬೀಜವನ್ನೇ ಶುದ್ಧಗೊಳಿಸಿ ಸೀಸೆಯೊಳಗೆ ಮೊಳೆಯಿಸಿ, ಆ ಎಳೆ ಸಸಿಯಿಂದ ಕುಡಿಗಳನ್ನು ಪಡೆಯುವುದು ಉತ್ತಮ. ಇಲ್ಲಿ ಮತ್ತೊಂದು ಹಾರ್ಮೋನಾದ ಜಿಬ್ಬರೆಲಿಕ್ ಆಮ್ಲ ನೆರವಿಗೆ ಬರುತ್ತದೆ. ಅನೇಕ ಪ್ರಭೇದಗಳಲ್ಲಿ ಅದು ಬೀಜದ ಸುಪ್ತಾವಸ್ಥೆಯನ್ನು ಮುರಿದು, ಚಳಿಗಾಲದ ಶೈತ್ಯ ಮಾಡುವ ಕೆಲಸದ ಒಂದು ಭಾಗವನ್ನಾದರೂ ಮಾಡಿಕೊಡುತ್ತದೆ. ಇದು ಬಿಸಿಗೆ ಬೇಗನೆ ಕೆಡುವ ಪದಾರ್ಥವಾದ್ದರಿಂದ ಆಟೋಕ್ಲೇವ್‌ಗೆ ಹಾಕದೆ ಸೂಕ್ಷ್ಮ ಶೋಧಕದ ಮೂಲಕ ಹಾಯಿಸಿ ಸೇರಿಸುವುದು ವಾಡಿಕೆ. ಹಿಮಾಲಯದ ಹಟಾಗಿರಿಯದಂತಹ ನೆಲದ ಆರ್ಕಿಡ್‌ಗಳ ಬೀಜಗಳಲ್ಲಿ ಆಹಾರದ ದಾಸ್ತಾನೇ ಇರುವುದಿಲ್ಲ, ಕಾಡಿನಲ್ಲಿ ಅವು ಶಿಲೀಂಧ್ರದ ಸಹವಾಸವಿಲ್ಲದೆ ಮೊಳೆಯುವುದಿಲ್ಲ. ಸಕ್ಕರೆಯಿರುವ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೂ ಆರ್ಕಿಡ್ ಬೀಜವನ್ನು ಮೊಳೆಯಿಸಬಹುದೆಂದು ಲೂಯಿಸ್ ಕ್ನಡ್ಸನ್ 1922ರಲ್ಲಿ ತೋರಿಸಿದ್ದು ಈಗ ಅವುಗಳ ಸಂರಕ್ಷಣೆಗೆ ಆಧಾರವಾಗಿದೆ.

ಶುದ್ಧವಾದ ಕುಡಿ ಸಿಕ್ಕ ಮೇಲೆ ಅದನ್ನು ವೃದ್ಧಿಸಲು ಎರಡು ದಾರಿಗಳಿವೆ. ಎಲೆಯ ಕಂಕುಳಲ್ಲಿ ಮೊದಲೇ ಇರುವ ಮೊಗ್ಗುಗಳನ್ನು ಎಬ್ಬಿಸುವುದು ಒಂದು. ಅಂಗಾಂಶವನ್ನು ಕ್ಯಾಲಸ್ ಮಾಡಿ ಅದರಿಂದ ಹೊಸದಾಗಿ ಚಿಗುರನ್ನೋ ಭ್ರೂಣವನ್ನೋ ಪಡೆಯುವುದು ಇನ್ನೊಂದು. ಸಾಮಾನ್ಯ ಗಿಡದಲ್ಲಿ ತುದಿಕುಡಿಯಿಂದ ಇಳಿಯುವ ಆಕ್ಸಿನ್ ಕಂಕುಳ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ಸೈಟೊಕೈನಿನ್ ಆ ತಡೆಯನ್ನು ಮೀರುವಂತೆ ಮಾಡುವುದರಿಂದ ಒಂದು ಕುಡಿ ಗುಂಪಾಗಿ ಒಡೆಯುತ್ತದೆ. ಪ್ರತಿ ಐದು ವಾರಕ್ಕೆ ಒಂದು ಕುಡಿಯಿಂದ ನಾಲ್ಕು ಸಿಕ್ಕರೂ, ಹತ್ತು ಸುತ್ತುಗಳ ಬಳಿಕ, ಅಂದರೆ ಒಂದು ವರ್ಷಕ್ಕೂ ಮೊದಲೇ, ಕಾಗದದ ಮೇಲಿನ ಲೆಕ್ಕ ಹತ್ತು ಲಕ್ಷವನ್ನು ದಾಟುತ್ತದೆ. ಸೋಂಕು, ಸಾವು, ಜಾಗದ ಕೊರತೆಗಳಿಂದಾಗಿ ವಾಸ್ತವದಲ್ಲಿ ಆ ಸಂಖ್ಯೆ ಸಿಗುವುದಿಲ್ಲ. ಆದರೂ ಬೀಜಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದ ಗಿಡದ ವಿಷಯದಲ್ಲಿ ಇದು ಅಸಾಧಾರಣ ವೇಗವೇ ಸರಿ.

ಈ ವೇಗದ ಮೋಹವೇ ಮುಂದಿನ ತೊಂದರೆಗಳ ಮೂಲ ಎಂಬುದು ನನ್ನ ದೃಢ ಅಭಿಪ್ರಾಯ. ಸೈಟೊಕೈನಿನ್ ಹೆಚ್ಚಿಸಿದಷ್ಟೂ ಒಂದು ಹಂತದವರೆಗೆ ಚಿಗುರುಗಳ ಎಣಿಕೆ ಏರುತ್ತದೆ, ಫಲಿತಾಂಶದ ಕೋಷ್ಟಕ ಚೆನ್ನಾಗಿ ಕಾಣುತ್ತದೆ. ಆದರೆ ಆ ಚಿಗುರುಗಳು ಗಿಡ್ಡವಾಗುತ್ತ ಹೋಗುತ್ತವೆ, ಕೆಲವೊಮ್ಮೆ ಎಲೆಗಳು ನೀರು ತುಂಬಿ ಗಾಜಿನಂತೆ ಪಾರದರ್ಶಕವಾಗಿ, ಒತ್ತಿದರೆ ಮುರಿಯುವಂತಾಗುತ್ತವೆ. ಹತ್ತಿಯ ಎಲೆ ಉದುರಿಸಲು ತಯಾರಾಗಿ ಆಮೇಲೆ ಅಂಗಾಂಶ ಕೃಷಿಗೆ ಬಂದ ಥಿಡಿಯಾಜ್ಯೂರಾನ್ ಎಂಬ ರಾಸಾಯನಿಕದಲ್ಲಿ ಇದು ಎದ್ದು ಕಾಣುತ್ತದೆ: ಹಟಮಾರಿ ಪ್ರಭೇದಗಳಲ್ಲೂ ಅದು ಅತ್ಯಲ್ಪ ಪ್ರಮಾಣದಲ್ಲಿ ಚಿಗುರೊಡೆಸುತ್ತದೆ, ಆದರೆ ಸೈಟೊಕೈನಿನ್‌ಗಳನ್ನು ಒಡೆಯುವ ಗಿಡದ ಕಿಣ್ವಕ್ಕೆ ಅದು ಬಗ್ಗುವುದಿಲ್ಲವಾದ್ದರಿಂದ ಅದರ ಪ್ರಭಾವ ಬಹುಕಾಲ ಉಳಿದು ಚಿಗುರು ಉದ್ದವಾಗಲು ಬಿಡುವುದಿಲ್ಲ. ಬಿಎಪಿಯೂ ಕೆಲವು ಸಸ್ಯಗಳಲ್ಲಿ ಸಕ್ಕರೆಯೊಡನೆ ಬೆಸೆದ ಸ್ಥಿರ ರೂಪದಲ್ಲಿ ಚಿಗುರಿನ ಬುಡದಲ್ಲಿ ಸಂಗ್ರಹವಾಗಿ, ಮುಂದೆ ಬೇರು ಬರುವುದನ್ನೇ ತಡೆಯುತ್ತದೆ. ಮೆಟಾ-ಟೊಪೊಲಿನ್ ಎಂಬ ಸೈಟೊಕೈನಿನ್ ಗಿಡದೊಳಗೆ ಬೇಗ ಒಡೆದುಹೋಗುವುದರಿಂದ ಇತ್ತೀಚೆಗೆ ಅದರ ಕಡೆಗೆ ಒಲವು ಹೆಚ್ಚಿದೆ. ವೃದ್ಧಿಯ ಹಂತದಲ್ಲಿ ಹಾರ್ಮೋನನ್ನು ಆರಿಸುವವರು ಬೇರಿನ ಹಂತವನ್ನೂ, ಅದಕ್ಕೂ ಮುಂದಿನ ಮಣ್ಣನ್ನೂ ಆಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಲಸ ಆಗುವ ಅತ್ಯಂತ ಕಡಿಮೆ ಪ್ರಮಾಣವೇ ಸರಿಯಾದ ಪ್ರಮಾಣ.

ಕ್ಯಾಲಸ್‌ನ ದಾರಿಯಲ್ಲಿ ಅಪಾಯ ಇನ್ನೂ ಆಳದ್ದು. 2,4-ಡಿ ಎಂಬ ಪ್ರಬಲ ಆಕ್ಸಿನ್, ಹೆಚ್ಚಿನ ಪ್ರಮಾಣದಲ್ಲಿ ಕಳೆನಾಶಕವೂ ಹೌದು, ಕೋಶಗಳನ್ನು ಹಳೆಯ ಗುರುತು ಅಳಿಸಿಹೋಗುವಷ್ಟು ವಿಭಜನೆಗೆ ತಳ್ಳುತ್ತದೆ; ಅದನ್ನು ತೆಗೆದಾಗ ಅಂತಹ ಕೋಶಗಳಿಂದ ಬೀಜದಲ್ಲಿರುವಂತಹ ಭ್ರೂಣಗಳು ರೂಪುಗೊಳ್ಳಬಲ್ಲವು. ಆದರೆ ಈ ಅವಧಿಯಲ್ಲಿ ವರ್ಣತಂತುಗಳ ಸಂಖ್ಯೆಯಲ್ಲಿ, ಜೀನ್‌ಗಳಲ್ಲಿ, ಜೀನ್‌ಗಳ ಮೇಲಿನ ರಾಸಾಯನಿಕ ಗುರುತುಗಳಲ್ಲಿ ಬದಲಾವಣೆಗಳು ಸೇರಿಕೊಳ್ಳುತ್ತವೆ. ಲಾರ್ಕಿನ್ ಮತ್ತು ಸ್ಕೋಕ್ರಾಫ್ಟ್ 1981ರಲ್ಲಿ ಇದನ್ನು ಸೋಮಾಕ್ಲೋನಲ್ ವ್ಯತ್ಯಯ ಎಂದು ಹೆಸರಿಸಿದರು. ಇಂತಹ ಬದಲಾವಣೆ ಎಷ್ಟು ತಡವಾಗಿ ಕಾಣಿಸಿಕೊಳ್ಳಬಹುದು ಎಂಬುದಕ್ಕೆ ಪರ್ವತದ್ದಲ್ಲದ ಒಂದು ನಿದರ್ಶನ ಇಲ್ಲಿ ಪ್ರಸ್ತುತ. ಅಂಗಾಂಶ ಕೃಷಿಯಿಂದ ಪಡೆದ ತಾಳೆ ಎಣ್ಣೆಯ ಮರಗಳು ಸಸಿಗಳಾಗಿದ್ದಾಗ ನಿರ್ದೋಷವಾಗಿ ಕಂಡವು, ವರ್ಷಗಳ ಬಳಿಕ ಕಾಯಿ ಕಟ್ಟುವಾಗ ಅವುಗಳಲ್ಲಿ ಕೆಲವು ವಿಕೃತ ಕಾಯಿ ಬಿಟ್ಟವು. ಡಿಎನ್‌ಎಯ ಒಂದು ತುಣುಕಿನ ಮೇಲಿದ್ದ ಮೀಥೈಲ್ ಎಂಬ ರಾಸಾಯನಿಕ ಗುರುತು ಅಳಿಸಿಹೋಗಿದ್ದೇ ಕಾರಣವೆಂದು 2015ರಲ್ಲಿ ತಿಳಿಯಿತು. ಹಲವು ವರ್ಷ ಹೂಬಿಡದ ಪರ್ವತ ಸಸ್ಯದಲ್ಲಿಯೂ ದೋಷ ಹೀಗೆಯೇ ಅಡಗಿರಬಹುದು. ಸಂರಕ್ಷಣೆ ಉದ್ದೇಶವಾಗಿದ್ದರೆ ಕಂಕುಳ ಮೊಗ್ಗಿನ ದಾರಿಯನ್ನೇ ಹಿಡಿಯಬೇಕು, ಸುತ್ತುಗಳಿಗೆ ಮಿತಿ ಹಾಕಬೇಕು, ನಡುನಡುವೆ ಡಿಎನ್‌ಎ ಪರೀಕ್ಷೆಯಿಂದ ತಾಯಿಗಿಡದೊಡನೆ ಹೋಲಿಸಿ ನೋಡಬೇಕು.

ಬೇರು ಬರಿಸಲು ಲವಣವನ್ನು ಅರ್ಧಕ್ಕಿಳಿಸಿದ ಮಾಧ್ಯಮದಲ್ಲಿ, ಸೈಟೊಕೈನಿನ್ ಇಲ್ಲದೆ, ಸ್ವಲ್ಪ ಐಬಿಎ ಹಾಕುವುದು ರೂಢಿ. ಆಕ್ಸಿನ್ ಬೇಕಾಗಿರುವುದು ಬೇರಿನ ಮೊಳಕೆ ಹುಟ್ಟುವ ಮೊದಲ ಕೆಲವು ದಿನಗಳಿಗೆ ಮಾತ್ರ. ಆಮೇಲೂ ಅದು ಉಳಿದರೆ ಬೇರಿನ ಉದ್ದಕ್ಕೇ ಅಡ್ಡಿ, ಬುಡದಲ್ಲಿ ಕ್ಯಾಲಸ್ ಊದಿಕೊಂಡು ಬೇರಿಗೂ ಕಾಂಡಕ್ಕೂ ನೀರಿನ ನಾಳದ ಸಂಪರ್ಕ ಸರಿಯಾಗಿ ಕೂಡುವುದಿಲ್ಲ. ಚಿಗುರಿನ ಬುಡವನ್ನು ಐಬಿಎ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೇರವಾಗಿ ಮರಳು ಅಥವಾ ಹಗುರ ಖನಿಜದ ಕಾಳುಗಳಾದ ಪರ್ಲೈಟ್‌ನಲ್ಲಿ ನೆಡುವ ಕ್ರಮ ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ, ಏಕೆಂದರೆ ಅಲ್ಲಿ ಹುಟ್ಟುವ ಬೇರು ಮೊದಲ ದಿನದಿಂದಲೇ ಮಣ್ಣಿನ ಬೇರಾಗಿರುತ್ತದೆ.

ಸೀಸೆಯಿಂದ ಹೊರಬಂದ ಸಸಿಯ ದೇಹ ಹೊರಜಗತ್ತಿಗೆ ಸಿದ್ಧವಾಗಿರುವುದಿಲ್ಲ. ಶೇಕಡಾ ನೂರರ ಸಮೀಪದ ತೇವಾಂಶದಲ್ಲಿ ಬೆಳೆದ ಅದರ ಎಲೆಯ ಮೇಲೆ ಮೇಣದ ಪದರ ತೆಳುವಾಗಿರುತ್ತದೆ, ಪತ್ರರಂಧ್ರಗಳು ಒಣಗಾಳಿ ತಾಗಿದರೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಸಕ್ಕರೆಯನ್ನು ಹೊರಗಿನಿಂದಲೇ ಪಡೆಯುತ್ತಿದ್ದುದರಿಂದ ದ್ಯುತಿಸಂಶ್ಲೇಷಣೆ ದುರ್ಬಲವಾಗಿರುತ್ತದೆ. ಯಾವ ಗಿಡಕ್ಕಾದರೂ ಇದನ್ನು ಹದಗೊಳಿಸಲು ತೇವಾಂಶವನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಬೇಕು. ಪರ್ವತ ಸಸ್ಯಕ್ಕೆ ಇಷ್ಟು ಸಾಲದು. ಪ್ರಯೋಗಾಲಯದ 25 ಡಿಗ್ರಿ ಉಷ್ಣತೆಯಿಂದ ರಾತ್ರಿ ಹೆಪ್ಪುಗಟ್ಟುವ ಜಾಗಕ್ಕೆ, ನಳಿಕೆ ದೀಪದ ಮೃದು ಬೆಳಕಿನಿಂದ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇಕಡಾ 10ರಂತೆ ಏರುವ ಅತಿನೇರಳೆ ಕಿರಣಗಳ ಎದುರಿಗೆ ಅದು ಹೋಗಬೇಕು. ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಚಳಿಗಾಲದ ಮೊದಲೇ ಬೆಳವಣಿಗೆ ನಿಲ್ಲಿಸಿ ಮೊಗ್ಗನ್ನು ಮುಚ್ಚಿಕೊಂಡು ಮಲಗುವುದನ್ನು ಅದು ಕಲಿತಿರಬೇಕು. ವರ್ಷವಿಡೀ ದಿನಕ್ಕೆ 16 ಗಂಟೆ ಬೆಳಕಿನಲ್ಲಿ ಬೆಳೆದ ಸಸಿಗೆ ಋತುವಿನ ಸೂಚನೆಯೇ ಸಿಕ್ಕಿರುವುದಿಲ್ಲ. ಹಾಗೆಯೇ ಎತ್ತರಕ್ಕೆ ಒಯ್ದು ನೆಟ್ಟರೆ ಶರತ್ಕಾಲದಲ್ಲೂ ಎಳೆಚಿಗುರು ಬಿಡುತ್ತಿದ್ದು ಮೊದಲ ಕಟು ಹಿಮಕ್ಕೆ ಸುಟ್ಟುಹೋಗುತ್ತದೆ. ಆದ್ದರಿಂದ ಸೀಸೆಯಲ್ಲಿರುವಾಗಲೇ ಉಷ್ಣತೆಯನ್ನು 15 ಡಿಗ್ರಿಯ ಕಡೆಗೆ ತರುವುದು, ಮಧ್ಯಮ ಎತ್ತರದ ನರ್ಸರಿಯಲ್ಲಿ ಒಂದು ಚಳಿಗಾಲವನ್ನು ಕಳೆಯಲು ಬಿಡುವುದು, ಆ ಪ್ರಭೇದ ಬೆಳೆಯುವ ನೆಲದ ಮಣ್ಣನ್ನೋ ಅದರ ಬೇರಿನೊಡನೆ ಬದುಕುವ ಶಿಲೀಂಧ್ರವನ್ನೋ ಕುಂಡಕ್ಕೆ ಸೇರಿಸುವುದು, ಹಿಮ ಕರಗಿದ ಕೂಡಲೇ ನೆಟ್ಟು ಇಡೀ ಬೆಳವಣಿಗೆಯ ಋತುವನ್ನು ಗಿಡದ ಕೈಗೆ ಕೊಡುವುದು ಅಗತ್ಯ. ಹಾರ್ಮೋನುಗಳ ಬಗ್ಗೆ ನೂರಾರು ಪ್ರಬಂಧಗಳು ಬರುತ್ತಿದ್ದರೂ ಈ ಕೊನೆಯ ಹಂತಕ್ಕೆ ಸಿಗುವ ಗಮನ ಕಡಿಮೆ, ಕುಂಡದಲ್ಲಿ ಬದುಕಿದ ಸಸಿಗಳ ಶೇಕಡಾವಾರು ಲೆಕ್ಕಕ್ಕೇ ವರದಿಗಳು ನಿಂತುಬಿಡುವುದು ಬೇಸರದ ಸಂಗತಿ.

ಬದುಕಿದ ಗಿಡಗಳು ಯಾವ ತಾಯಿಗಿಡದ್ದು ಎಂಬ ಪ್ರಶ್ನೆ ಕೊನೆಯಲ್ಲಿ ಬಂದರೂ ಕೆಲಸದ ಮೊದಲ ದಿನವೇ ತೀರ್ಮಾನವಾಗಬೇಕಾದದ್ದು. ಒಂದೇ ಕುಡಿಯಿಂದ ಪಡೆದ ಲಕ್ಷ ಸಸಿಗಳು ಆನುವಂಶಿಕವಾಗಿ ಒಂದೇ ಗಿಡ. ಔಷಧಕ್ಕಾಗಿ ಬೇಸಾಯ ಮಾಡುವಲ್ಲಿ, ಸತ್ವ ಹೆಚ್ಚಿರುವ ಒಂದು ಗಿಡವನ್ನು ಆರಿಸಿ ಹೀಗೆ ವೃದ್ಧಿಸುವುದು ಲಾಭವೇ, ಅದರಿಂದ ಕಾಡಿನ ಮೇಲಿನ ಒತ್ತಡವೂ ಇಳಿಯುತ್ತದೆ. ಕಾಡಿಗೆ ಮರಳಿಸುವಲ್ಲಿ ಅದೇ ಕ್ರಮ ಹಾನಿಕರ. ಒಂದು ರೋಗ ಅಷ್ಟನ್ನೂ ಒಟ್ಟಿಗೆ ಕೊಲ್ಲಬಲ್ಲದು. ತನ್ನದೇ ಪರಾಗವನ್ನು ಒಪ್ಪದ ಪ್ರಭೇದವಾದರೆ ಆ ಲಕ್ಷ ಗಿಡಗಳು ಹೂಬಿಟ್ಟರೂ ಬೀಜ ಕಟ್ಟುವುದಿಲ್ಲ. ಗಂಡು ಹೆಣ್ಣು ಬೇರೆಬೇರೆ ಗಿಡಗಳಲ್ಲಿರುವ ಪ್ರಭೇದಗಳಲ್ಲಿ ಇದು ಇನ್ನೂ ಸ್ಪಷ್ಟ. ಹಿಮಾಲಯದ ಯೂ ಮರವೂ, 2022ರ ಸೈಟಿಸ್ ಸಮಾವೇಶದಲ್ಲಿ ಎರಡನೆಯ ಅನುಬಂಧಕ್ಕೆ ಸೇರಿದ ರೋಡಿಯೋಲ ಕುಲದ ಔಷಧಿ ಗಿಡಗಳಲ್ಲಿ ಅತಿ ಪ್ರಸಿದ್ಧವಾದ ರೋಡಿಯೋಲ ರೋಸಿಯವೂ ಇಂತಹವೇ: ಒಂದು ಗಂಡು ಗಿಡದ ಕುಡಿಯಿಂದ ಇಡೀ ಬೆಟ್ಟವನ್ನು ತುಂಬಿದರೂ ಅಲ್ಲಿ ಒಂದು ಬೀಜವೂ ಹುಟ್ಟದು. ಆದ್ದರಿಂದ ಬೇರೆಬೇರೆ ಕಣಿವೆಗಳ, ಬೇರೆಬೇರೆ ಎತ್ತರಗಳ ಹಲವು ತಾಯಿಗಿಡಗಳ ಬೀಜ ಅಥವಾ ಕುಡಿಗಳಿಂದ ಪ್ರತ್ಯೇಕ ಸಂತತಿಗಳನ್ನು ಆರಂಭಿಸಿ, ಪ್ರತಿ ಸೀಸೆಯ ಮೇಲೂ ಮೂಲದ ಗುರುತು ಬರೆದು, ಬೇಗ ವೃದ್ಧಿಸುವ ಸಂತತಿಯೊಂದು ಉಳಿದವನ್ನು ನುಂಗಿಹಾಕದಂತೆ ಎಲ್ಲದರಿಂದಲೂ ಸಮಾನ ಸಂಖ್ಯೆಯ ಸಸಿಗಳನ್ನು ತೆಗೆಯಬೇಕು. ಯಾವ ಕಣಿವೆಯ ಸಂತತಿಯನ್ನು ಯಾವ ಕಣಿವೆಗೆ ಮರಳಿಸಬೇಕೆಂಬುದಕ್ಕೂ ಆ ಗುರುತೇ ಆಧಾರ.

ನೆಡುವ ತನಕ ಈ ಸಂತತಿಗಳನ್ನು ಕಾಯ್ದಿಡುವುದರಲ್ಲಿ ಪರ್ವತ ಸಸ್ಯಗಳ ಸ್ವಭಾವವೇ ನೆರವಾಗುತ್ತದೆ. ಉಷ್ಣವಲಯದ ಗಿಡಗಳು ಸಾಯುವ 4–5 ಡಿಗ್ರಿ ಶೈತ್ಯದಲ್ಲಿ ಇವುಗಳ ಕುಡಿಗಳು ಬೆಳವಣಿಗೆಯನ್ನು ಬಹುತೇಕ ನಿಲ್ಲಿಸಿ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ, ಹಾರ್ಮೋನಿನ ಅಗತ್ಯವೂ ಆಗ ಬೀಳುವುದಿಲ್ಲ. ಇನ್ನೂ ದೀರ್ಘ ಕಾಲಕ್ಕೆ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕುಡಿತುದಿಗಳನ್ನು ಇಡುವ ವಿಧಾನವಿದೆ. ಹಾಗೆ ಇಡುವಾಗ ಕೋಶದೊಳಗಿನ ನೀರು ಹಿಮದ ಹರಳಾಗದೆ ಗಾಜಿನ ಸ್ಥಿತಿಗೆ ಬರುವಂತೆ ಕುಡಿಗಳನ್ನು ಮೊದಲೇ ಸಿದ್ಧಗೊಳಿಸಬೇಕಾಗುತ್ತದೆ, ಮತ್ತು ಕೆಲವು ವಾರಗಳ ತಂಪಿನಲ್ಲಿ ಹದಗೊಂಡ ಕುಡಿಗಳು ಆ ಪ್ರಕ್ರಿಯೆಯನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತವೆ.

ಎತ್ತರದಲ್ಲಿ ನೆಟ್ಟ ಮೇಲೆ ಅಳೆಯಬೇಕಾದದ್ದೂ ಬೇರೆಯೇ. ಮೊದಲ ಬೇಸಿಗೆಯಲ್ಲಿ ಎಷ್ಟು ಹಸಿರಾಗಿವೆ ಎಂಬುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎರಡು ಮೂರು ಚಳಿಗಾಲಗಳ ಬಳಿಕ ಹಿಮ ಕರಗಿದಾಗ ಎಷ್ಟು ಮೊಗ್ಗುಗಳು ಮತ್ತೆ ಮೇಲೆದ್ದವು, ಬೇರಿನಲ್ಲಿ ಕಾಡುಗಿಡದಷ್ಟೇ ಸತ್ವವಿದೆಯೇ, ಯಾವ ಸಂತತಿ ಎಲ್ಲಿ ಸೋತಿತು, ಹೂವಿಗೆ ಕೀಟಗಳು ಬಂದವೇ, ಬೀಜ ಕಟ್ಟಿತೇ, ಆ ಬೀಜದಿಂದ ಯಾರೂ ನೆಡದ ಸಸಿಯೊಂದು ಪಕ್ಕದ ಮಣ್ಣಿನಲ್ಲಿ ಹುಟ್ಟಿತೇ ಎಂಬುದನ್ನು ವರ್ಷವರ್ಷವೂ ಹೋಗಿ ನೋಡಿ ಬರೆದಿಡಬೇಕಾಗುತ್ತದೆ. ಅಗೆಯುವುದಕ್ಕೆ ತಡೆಯಿಲ್ಲದ ಜಾಗದಲ್ಲಿ ನೆಟ್ಟ ಸಸಿಗಳಿಗೆ ಅಷ್ಟು ವರ್ಷಗಳು ಸಿಗುವುದೇ ಇಲ್ಲ. ಹಾಗಾಗಿ ನೆಡುವ ಜಾಗವನ್ನು ಆರಿಸುವಾಗ ಮಣ್ಣು ಮತ್ತು ಎತ್ತರದ ಜೊತೆಗೆ, ಅಲ್ಲಿನ ಹುಲ್ಲುಗಾವಲನ್ನು ಬಳಸುವ ಜನರು ಆ ಗಿಡಗಳನ್ನು ಕಾಯಲು ಒಪ್ಪಿದ್ದಾರೆಯೇ ಎಂಬುದನ್ನೂ ಮೊದಲೇ ಕೇಳಿ ತಿಳಿದಿರಬೇಕು.